ಮುದಿ ಕುರಿ, ಕರಿ ರಸ ಮತ್ತು ಒಂದಿಷ್ಟು ಕೊಸರು

ಕೊಸರು ಕೇಳಲು ನಾಚುವವರು ವ್ಯಾಪಾರಕ್ಕೆ ಹೋಗಬಾರದು, ಮನೆಯಲ್ಲಿ ಬೇರೆ ಯಾರನ್ನಾದರೂ ಕಳಿಸಬೇಕು. ಇದು ನನ್ನ ಖಚಿತ ಅಭಿಪ್ರಾಯ. ಎರಡು ಕಟ್ಟು ಸೊಪ್ಪು ಕೊಂಡ ಮೇಲೆ ಒಂದು ಕಡ್ಡಿ ಕರಿಬೇವು, ಒಂದು ಕಿಲೋ ಬಾಡು ಕೊಂಡ ಮೇಲೆ ಸೂಪಿಗೆ ಎರಡು ಮೂಳೆ. ಕೊಟ್ಟರೆ ಸಂತೋಷ, ಕೊಡದಿದ್ದರೆ ಕೇಳಿದ ಬಾಯಿ ಸವೆಯುವುದಿಲ್ಲ. ಬೆಂಗಳೂರಿನ ಮಾರ್ಕೆಟ್ಟಿನ ಹಿಂಬದಿಯ ಒಂದು ಮಿಲಿಟರಿ ಹೋಟೆಲಿನಲ್ಲಿ ನಮ್ಮಪ್ಪ ಅಡುಗೆಯವರಾಗಿದ್ದರು. ಮಾಂಸ, ಮಸಾಲೆ, ಸೌದೆ ತರುವ ಕೆಲಸ ಕ್ರಮೇಣ ನನ್ನ ಪಾಲಿಗೆ ಬಂತು. ನಾನು ಶಾಲೆಯಲ್ಲಿ ಓದಿದ್ದು ಹತ್ತನೇ ತರಗತಿಯವರೆಗೆ, ಉಳಿದದ್ದನ್ನು ಕಲಿಸಿದ್ದು ಆ ಮಾರ್ಕೆಟ್ಟು.

ಅಡುಗೆಯವನಾಗಿ ಅಮೆರಿಕಕ್ಕೆ ಬಂದಾಗ ಸಿಕ್ಕ ಕನ್ನಡದವರೆಲ್ಲ ಒಂದೇ ಎಚ್ಚರಿಕೆ ಕೊಟ್ಟರು: "ಇಲ್ಲಿ ಚೌಕಾಸಿ ಎಲ್ಲಾ ನಡಿಯಲ್ಲ, ಚೀಟಿ ಮೇಲೆ ಏನಿದೆಯೋ ಅದೇ ರೇಟು." ಅವರು ಇಂಜಿನಿಯರುಗಳು, ಪಾಪ. ಚೀಟಿ ಬರೆದವನೂ ಮನುಷ್ಯನೇ ಎಂಬುದು ಅವರಿಗೆ ಹೊಳೆದಿರಲಿಲ್ಲ. ಮೊದಲ ವರ್ಷವೇ ಸ್ಯಾನ್ ಹೋಸೆಯ ಹಳೇ ಸಾಮಾನಿನ ಸಂತೆಯಲ್ಲಿ ನಾನು ಒಂದು ಸೋಫಾ ಕೊಂಡು, ಅದರ ಮೇಲೆ ಒಂದು ದೀಪದ ಕಂಬ, ಒಂದು ಇಸ್ತ್ರಿ ಪೆಟ್ಟಿಗೆ ಕೊಸರಾಗಿ ತಂದೆ. ಆ ಇಸ್ತ್ರಿ ಪೆಟ್ಟಿಗೆ ಇವತ್ತಿಗೂ ಕೆಲಸ ಮಾಡುತ್ತದೆ. ಸೋಫಾ ಮಾತ್ರ ಮುರಿದುಹೋಯಿತು.

ನಾನು ಹೇಳಹೊರಟಿರುವುದು ಡಾಟ್‌ಕಾಮ್ ಕಂಪನಿಗಳು ಅಣಬೆಯಂತೆ ಎದ್ದ ವರ್ಷಗಳ ಮಾತು. ನಾನು ಆಗ ಸನ್ನಿವೇಲ್‌ನಲ್ಲಿ ಒಬ್ಬ ಉತ್ತರ ಭಾರತದವರ ಹೋಟೆಲಿನಲ್ಲಿ ಮಧ್ಯಾಹ್ನದ ಬಫೆ ಅಡುಗೆ ಮಾಡುತ್ತಿದ್ದೆ. ಆರು ವರ್ಷ ಅದೇ ಬೆಣ್ಣೆ ಹಾಕಿದ ಕೋಳಿ, ಅದೇ ಪಾಲಕ್ಕು. ಗ್ರೀನ್ ಕಾರ್ಡು ಕೈಗೆ ಬಂದಿತ್ತು, ಇನ್ನೊಬ್ಬರ ಒಲೆಯ ಮುಂದೆ ನಿಲ್ಲುವ ಕಾನೂನಿನ ಅಗತ್ಯ ಮುಗಿದಿತ್ತು. ಆದರೆ ಸ್ವಂತ ಒಲೆ ಹಚ್ಚಬೇಕಾದರೆ ದಿನಾ ಇಷ್ಟು ತಟ್ಟೆ ಹೋಗೇ ಹೋಗುತ್ತದೆ ಎಂಬ ಗಟ್ಟಿ ಗಿರಾಕಿ ಬೇಕು. ಅಂಥ ಗಿರಾಕಿ ಒಂದು ದಿನ ತಾನಾಗಿ ಬಫೆಯ ಸಾಲಿನಲ್ಲಿ ಬಂದು ನಿಂತ.

ಸ್ಯಾನ್ ಮಟಿಯೋದ ಒಂದು ಕಂಪನಿಯ ಮ್ಯಾನೇಜರು. ವಯಸ್ಸು ಮೂವತ್ತು ಇರಬಹುದು, ಕಾಲಿಗೆ ರಬ್ಬರ್ ಚಪ್ಪಲಿ. ಅವನ ಕಷ್ಟ ವಿಚಿತ್ರವಾಗಿತ್ತು. ತಿಂಗಳಿಗೊಂದು ಶುಕ್ರವಾರ ಆಫೀಸಿನಲ್ಲಿ ಬಾರ್ಬೆಕ್ಯೂ ತರಿಸುತ್ತಾನೆ. ಬಾರ್ಬೆಕ್ಯೂ ಎಂದರೆ ದನ ಇಲ್ಲವೇ ಹಂದಿ. ನಮ್ಮವರು ದನ ತಿನ್ನುವುದಿಲ್ಲ, ಪಾಕಿಸ್ತಾನದವರು, ಯೆಹೂದಿಗಳು ಹಂದಿ ಮುಟ್ಟುವುದಿಲ್ಲ, ಕೆಲವರು ಎರಡನ್ನೂ ಬಿಟ್ಟವರು.

"ಅರ್ಧ ಆಫೀಸು ಆಲೂಗಡ್ಡೆ ಸಲಾಡು ಹಿಡ್ಕೊಂಡು ಮೂಲೇಲಿ ನಿಂತಿರುತ್ತೆ," ಎಂದ. "ಎಲ್ರೂ ತಿನ್ನೋ ಥರದ್ದು, ಆದ್ರೆ ನಿಜವಾದ ಬಾರ್ಬೆಕ್ಯೂ. ನಿನ್ನ ಕೈಲಿ ಆಗುತ್ತಾ? ಆ ಒಂದು ಶುಕ್ರವಾರ ಗೆದ್ಬಿಟ್ರೆ ದಿನದ ಊಟದ ಕಾಂಟ್ರ್ಯಾಕ್ಟು ನಿಂದೇ. ಎಂಬತ್ತು ತಟ್ಟೆ, ವಾರಕ್ಕೆ ಐದು ದಿನ."

ನಾನು ಆಗುತ್ತದೆ ಎಂದೆ. ಗಿರಾಕಿ ಕೇಳಿದಾಗ ಮೊದಲು ಆಗುತ್ತದೆ ಅನ್ನಬೇಕು, ಹೇಗೆ ಎಂಬುದನ್ನು ಮನೆಗೆ ಹೋಗಿ ಯೋಚಿಸಬೇಕು. ಈ ಬುದ್ಧಿಮಾತು ಸಾಮಾನ್ಯವಾಗಿ ಸರಿ. ಅಂದು ಮಾತ್ರ ಮನೆಗೆ ಹೋಗಿ ಎಷ್ಟು ಯೋಚಿಸಿದರೂ ಹೇಗೆ ಎಂಬುದು ಹೊಳೆಯಲಿಲ್ಲ. ನನಗೆ ಬಾರ್ಬೆಕ್ಯೂ ಗೊತ್ತಿರಲಿಲ್ಲ.

ಕುರಿ ಎಂಬುದಂತೂ ತಕ್ಷಣ ಹೊಳೆದಿತ್ತು. ಎಲ್ಲ ಮತದವರೂ ಒಪ್ಪುವ ಪ್ರಾಣಿ ಅದೊಂದೇ. ನಾವಿದ್ದದ್ದು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ, ಗುಡ್ಡದ ಬುಡದ ಒಂದು ಬಾಡಿಗೆ ಮನೆ. ಭಾನುವಾರ ಹಿತ್ತಿಲಲ್ಲಿ ಸಣ್ಣ ದುಂಡು ಗ್ರಿಲ್ಲಿಗೆ ಇದ್ದಿಲು ತುಂಬಿ, ಅತ್ಯಂತ ಎಳೆಯ ಕುರಿಯ ತೊಡೆ ತಂದು, ಮಿಲಿಟರಿ ಹೋಟೆಲಿನ ಮಸಾಲೆ ಹಚ್ಚಿ, ಉರಿಯ ಮೇಲಿಟ್ಟೆ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ತಿರುವಿದೆ, ಚುಚ್ಚಿದೆ, ಎಣ್ಣೆ ಸವರಿದೆ. ಎರಡು ಗಂಟೆಯ ಹೊತ್ತಿಗೆ ಹೊರಗೆ ಇದ್ದಿಲು, ಒಳಗೆ ಸೆಣಬಿನ ಹಗ್ಗ.

ಬೇಲಿಯ ಆಚೆಯಿಂದ ಒಂದು ಧ್ವನಿ ಬಂತು. "ತಮ್ಮಾ, ಅದು ಸತ್ತಾಗಿದೆ ಕಣಪ್ಪ. ಇನ್ನೂ ಯಾಕೆ ಹಿಂಸೆ ಕೊಡ್ತೀಯಾ?"

ಪಕ್ಕದ ಮನೆಯ ಮುದುಕರು. ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳು ಸ್ಯಾನ್ ಹೋಸೆಯ ತುಂಬ ಇದ್ದ ಕಾಲದಲ್ಲಿ ಅಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು. ಹುಟ್ಟಿದ್ದು ಕೆಂಟಕಿ ರಾಜ್ಯದ ಪಶ್ಚಿಮದ ಮೂಲೆಯಲ್ಲಿ. ಅವರ ಇಂಗ್ಲಿಷು ಬೆಲ್ಲದ ಪಾಕದಂತೆ ಎಳೆಎಳೆಯಾಗಿ ಬರುತ್ತಿತ್ತು. ಅದರಲ್ಲಿ ಅರ್ಧ ನನಗೆ, ಮುಕ್ಕಾಲು ನನ್ನ ಹೆಂಡತಿಗೆ ಅರ್ಥವಾಗುತ್ತಿತ್ತು. ಅವಳೇ ಮೊದಲ ಸಲ ಅವರನ್ನು ತಾತ ಎಂದು ಕರೆದದ್ದು. ಅರ್ಥ ಕೇಳಿ ತಿಳಿದುಕೊಂಡು, ಅದಕ್ಕೆ ಓಗೊಡಲು ಶುರುಮಾಡಿದರು. ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ನಾನು ಕಾಂಟ್ರ್ಯಾಕ್ಟಿನ ಕಥೆ ಹೇಳಿದೆ. ಕುರಿ ಎಂದು ಕೇಳಿದ್ದೇ ತಾತ ಬೇಲಿಯ ಬಾಗಿಲು ತೆಗೆದುಕೊಂಡು ಒಳಗೆ ಬಂದರು. ಆವತ್ತು ನನಗೆ ಸಿಕ್ಕ ಪಾಠ ಇಷ್ಟು. ಟೆಕ್ಸಾಸಿನವರಿಗೆ ಬಾರ್ಬೆಕ್ಯೂ ಎಂದರೆ ದನ, ಕೆರೊಲೈನಾದವರಿಗೆ ಹಂದಿ. ಒಂದು ಊರಿನವರು ಮಾಡಿದ್ದನ್ನು ಇನ್ನೊಂದು ಊರಿನವರು ಬಾರ್ಬೆಕ್ಯೂ ಎಂದು ಒಪ್ಪುವುದಿಲ್ಲ, ನಮ್ಮಲ್ಲಿ ಸಾರು-ಹುಳಿಗೆ ಜಗಳವಾಡುವ ಹಾಗೆ. ಇಡೀ ದೇಶದಲ್ಲಿ ಕುರಿಯನ್ನೇ ಬಾರ್ಬೆಕ್ಯೂ ಮಾಡುವ ಜಾಗ ತಾತನ ಊರಿನ ಸುತ್ತಮುತ್ತ ಮಾತ್ರ. ಹಿಂದೆ ಅಲ್ಲಿ ಉಣ್ಣೆಗಾಗಿ ಕುರಿ ಸಾಕುತ್ತಿದ್ದರಂತೆ. ಉಣ್ಣೆ ಕೊಡಲಾರದಷ್ಟು ಮುದಿಯಾದ ಹೆಣ್ಣು ಕುರಿಗಳನ್ನು ಚರ್ಚಿನ ಊಟಕ್ಕೆ ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿ ಬೇಯಿಸುವುದು, ಕರೀ ರಸ ಸವರುವುದು.

"ಮುದಿ ಕುರಿನಾ?" ಎಂದೆ.

"ಎಷ್ಟು ಮುದಿಯೋ ಅಷ್ಟು ಒಳ್ಳೇದು. ಎಳೇ ಕುರಿ ಹೊಗೇಲಿ ಹೆದರಿ ಒಣಗಿಹೋಗುತ್ತೆ. ಮುದಿ ಕುರಿಗೆ ಅವಸರ ಇರಲ್ಲ."

ನನ್ನ ಜೀವಮಾನದ ವಿದ್ಯೆ ತಲೆಕೆಳಗಾಗಿ ನಿಂತಿತು. ಕುರಿಯ ಹಲ್ಲು ನೋಡಿ ಎಳೆಯದನ್ನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮಾರ್ಕೆಟ್ಟಿನಲ್ಲಿ ಇರಲಿಲ್ಲ. ಆದರೆ ಮರುಕ್ಷಣವೇ ಇನ್ನೊಂದು ಹೊಳೆಯಿತು. ಯಾರಿಗೂ ಬೇಡದ್ದನ್ನು ಕೊಳ್ಳುವಷ್ಟು ಸುಖ ವ್ಯಾಪಾರದಲ್ಲಿ ಇನ್ನೊಂದಿಲ್ಲ.

ಕಲಿಸಿಕೊಡಲು ಏನು ಕೊಡಲಿ ಎಂದು ತಾತನನ್ನು ಕೇಳಿದೆ. ಏನೂ ಬೇಡ ಎಂದರು. ಏನೂ ಬೇಡ ಎನ್ನುವವರ ಜೊತೆ ವ್ಯವಹಾರ ಬಲು ಕಷ್ಟ, ಹಿಡಿಯಲು ಹಿಡಿಕೆಯೇ ಇರುವುದಿಲ್ಲ. ಬಲವಂತ ಮಾಡಿದ ಮೇಲೆ ಒಂದು ಷರತ್ತು ಹಾಕಿದರು: "ನಾನು ಹೇಳೋ ತನಕ ಮುಚ್ಚಳ ಎತ್ತಬಾರದು." ಇಷ್ಟು ಅಗ್ಗವಾಗಿ ಯಾವ ವಿದ್ಯೆಯೂ ಸಿಕ್ಕಿರಲಿಲ್ಲ ಎಂದುಕೊಂಡೆ. ಅಗ್ಗವಾದುದು ಸಿಕ್ಕಾಗ ಎರಡು ಸಲ ತಿರುಗಿಸಿ ನೋಡಬೇಕು. ನಾನು ನೋಡಲಿಲ್ಲ.

ಅವರ ಹಿತ್ತಿಲಲ್ಲಿ ಟಾರ್ಪಾಲಿನ ಕೆಳಗೆ ಒಂದು ಯಂತ್ರವಿತ್ತು. ಹಳೆಯ ಎಣ್ಣೆ ಟ್ಯಾಂಕನ್ನು ಉದ್ದಕ್ಕೆ ಸೀಳಿ, ಮುಚ್ಚಳ ಮಾಡಿ, ಒಂದು ತುದಿಗೆ ಸೌದೆ ಹಾಕುವ ಪೆಟ್ಟಿಗೆ, ಇನ್ನೊಂದು ತುದಿಗೆ ಚಿಮಣಿ ಬೆಸೆದು, ಚಕ್ರದ ಗಾಡಿಯ ಮೇಲೆ ಕೂರಿಸಿದ್ದರು. ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ಮಾಂಸದ ಹತ್ತಿರಕ್ಕೆ ಬರುವುದು ಹೊಗೆ ಮತ್ತು ಕಾವು ಮಾತ್ರ. ಅದನ್ನು ಅವರು ಪಿಟ್ಟು ಎನ್ನುತ್ತಿದ್ದರು. ಅವರ ಹೆಂಡತಿ ತೀರಿಕೊಂಡ ಮೇಲೆ ಅದನ್ನು ಹಚ್ಚಿರಲಿಲ್ಲವಂತೆ. "ಒಬ್ಬನಿಗೆ ಒಂದು ಕುರಿ ಜಾಸ್ತಿಯಾಗುತ್ತೆ," ಎಂದರು, ಅಷ್ಟೇ.

ಕುರಿಗೆ ಬೆಟ್ಟ ದಾಟಿ ಬಯಲಿನ ಕಡೆ ಒಂದು ಫಾರ್ಮಿಗೆ ಹೋದೆವು. ಅಲ್ಲಿನ ರೈತ ತನ್ನ ಎಳೆಯ ಮರಿಗಳನ್ನೆಲ್ಲ ತೋರಿಸಿದ. ನಾನು ಅವನ್ನು ದಾಟಿ ಹೋಗಿ, ಬೇಲಿಯ ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದ ಮೂರು ಮುದಿ ಕುರಿಗಳ ಬಾಯಿ ಬಿಡಿಸಿ ಹಲ್ಲು ನೋಡಿದೆ. ಸವೆದ ಹಲ್ಲು. ಮನಸ್ಸಿನೊಳಗೆ ಹಿಗ್ಗು, ಮುಖದ ಮೇಲೆ ಮರುಕ.

"ಏನು ಸ್ವಾಮಿ, ಇದಕ್ಕೆ ಹಲ್ಲೇ ಇಲ್ಲ. ಇದನ್ನ ಯಾರು ತಗೋತಾರೆ?"

"ಯಾರೂ ತಗೊಳ್ಳಲ್ಲ," ಎಂದ ರೈತ ಪ್ರಾಮಾಣಿಕವಾಗಿ.

"ಇದು ನೋಡಿ, ಕುಂಟುತ್ತೆ."

"ಹೌದು, ಕುಂಟುತ್ತೆ."

ಇಂಥ ಮಾರಾಟಗಾರನ ಮುಂದೆ ಚೌಕಾಸಿ ಮಾಡಲು ನನಗೇ ಸ್ವಲ್ಪ ಸಂಕೋಚವಾಯಿತು. ಬೆಲೆ ಕುದುರಿದ ಮೇಲೆ ಕೊಸರಿಗೆ ಅತ್ತಿತ್ತ ನೋಡಿದೆ. ಹಳೆಯ ಬಾದಾಮಿ ಮರಗಳನ್ನು ಕಡಿದು ಅಟ್ಟಿ ಹಾಕಿದ್ದ. ತಾತ ನನ್ನ ಪಕ್ಕೆ ತಿವಿದರು. ಅವರ ಊರಿನ ಹಿಕರಿ ಸೌದೆ ಇಲ್ಲಿ ಅಂಗಡಿಯಲ್ಲಿ ಔಷಧಿಯಂತೆ ಪೊಟ್ಟಣದಲ್ಲಿ ಸಿಗುತ್ತಿತ್ತು. ಬಾದಾಮಿಯೂ ನಡೆಯುತ್ತದಂತೆ. ಕೇಳಿದೆ. ಗಾಡಿಯ ತುಂಬ ತುಂಬಿಕೊಂಡು ಹೋಗಿ ಎಂದ. ದಾರಿಯಲ್ಲಿ ತಾತ, ಈಗ ಮಾಡಿದ್ದಕ್ಕೆ ನಿಮ್ಮಲ್ಲಿ ಏನಂತಾರೆ ಎಂದು ಕೇಳಿದರು. ಕೊಸರು ಎಂದೆ. ಫ್ರೀವೇ ಮುಗಿಯುವ ತನಕ ಆ ಪದವನ್ನು ಬಾಯಲ್ಲಿ ಹೊರಳಿಸುತ್ತಿದ್ದರು.

ಇನ್ನು ಕರೀ ರಸ. ವಿನೆಗರು, ನಿಂಬೆರಸ, ಕರಿಮೆಣಸು, ಕಂದು ಸಕ್ಕರೆ, ಅದಕ್ಕೆ ಅಂಗಡಿಯಲ್ಲಿ ಸಿಗುವ ಒಂದು ಕಪ್ಪು ಸಾಸು, ಬಾಟಲಿಗಟ್ಟಲೆ. ತಾತ ಒಂದು ಚಮಚ ನನ್ನ ಕೈಗೆ ಸುರಿದರು. ನೆಕ್ಕಿದೆ. ಮತ್ತೆ ನೆಕ್ಕಿದೆ.

"ಲೇ, ಬಾರೇ ಇಲ್ಲಿ," ಎಂದು ಹೆಂಡತಿಯನ್ನು ಕೂಗಿದೆ. "ಇದರಲ್ಲಿ ಏನಿದೆ ಹೇಳು."

ಅವಳು ನಾಲಿಗೆಗೆ ತಾಗಿಸಿದ್ದೇ, "ಹುಣಸೆಹಣ್ಣು ಕಣ್ರೀ," ಎಂದಳು.

ಬಾಟಲಿಯ ಹಿಂಬದಿ ಓದಿದರೆ ನಿಜವೇ. ಹುಣಸೆಹಣ್ಣು, ಜೊತೆಗೆ ಮೀನು. ಮನೆಯಲ್ಲಿ ಒಂದು ಡಬ್ಬಿ ಹುಣಸೆ ಇಟ್ಟುಕೊಂಡು ನಾನೇಕೆ ಬಾಟಲಿಗಳಿಗೆ ದುಡ್ಡು ಸುರಿಯಲಿ? ಹುಣಸೆ ಹುಳಿ, ಬೆಲ್ಲ, ಮೆಣಸು, ಲವಂಗ ಹಾಕಿ ಕುದಿಸಿ, ಮೀನನ್ನು ಕೈಬಿಟ್ಟು, ವಿನೆಗರು ಬೆರೆಸಿ ತಾತನಿಗೆ ಕೊಟ್ಟೆ. ಕುಡಿದು ತುಟಿ ಒರೆಸಿಕೊಂಡರು.

"ನಮ್ಮಮ್ಮ ಕೇಳಿದ್ರೆ ನನ್ನ ಮನೆಗೆ ಸೇರಿಸ್ತಿರಲಿಲ್ಲ," ಎಂದರು. "ಇನ್ನೊಂದು ಚೂರು ಹಾಕು."

ಇದಕ್ಕೆ ಒಂದು ಲೋಟ ಬರ್ಬನ್ ಹಾಕಿದರೆ ಹೇಗೆ ಎಂದು ಕೇಳಿದೆ, ಮ್ಯಾನೇಜರು ಆ ಮದ್ಯದ ಹುಚ್ಚಿನವನು ಎಂದು ಗೊತ್ತಿದ್ದರಿಂದ. ಬರ್ಬನ್ ಎಂದರೆ ಮುಸುಕಿನ ಜೋಳದಿಂದ ಬಟ್ಟಿ ಇಳಿಸಿ, ಒಳಗೋಡೆ ಸುಟ್ಟ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ವಿಸ್ಕಿ, ತಾತನ ಊರಿನ ಕಡೆಯದೇ. ತಾತ ತಲೆ ಅಲ್ಲಾಡಿಸಿದರು. "ಅದನ್ನ ಕುರಿಗೆ ಹಾಕಲ್ಲ. ಕುರಿ ಕಾಯೋನಿಗೆ ಹಾಕೋದು." ನನಗೂ ಅದೇ ಅನುಕೂಲ. ಮುಸಲ್ಮಾನರೂ ತಿನ್ನಲಿ ಎಂದು ಕುರಿಗಳನ್ನು ಹಲಾಲ್ ಅಂಗಡಿಯಲ್ಲೇ ಕಡಿಸಬೇಕೆಂದಿದ್ದೆ, ರಸಕ್ಕೆ ಹೆಂಡ ಸುರಿದರೆ ಕಡಿಸಿದ್ದು ದಂಡ.

ಒಂದು ಭಾನುವಾರ ಅಂಗಡಿಯಿಂದ ಒಂದು ಮುದಿ ಕುರಿಯ ತೊಡೆ ತಂದು ಹಿತ್ತಿಲಲ್ಲೇ ಪರೀಕ್ಷೆ ಮಾಡಿದೆವು. ತಾತ ಒಂದು ಮಡಿಸುವ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಹತ್ತು ಗಂಟೆ! ಅಷ್ಟು ಹೊತ್ತು ಸುಮ್ಮನೆ ನಾನು ವಿಮಾನದಲ್ಲೂ ಕೂತವನಲ್ಲ. ಮೂರು ಸಲ ಎದ್ದೆ, ಮೂರು ಸಲವೂ ಅವರ ಊರುಗೋಲು ಅಡ್ಡ ಬಂತು. ಸಂಜೆ ಮುಚ್ಚಳ ತೆಗೆದಾಗ ಮೂಳೆ ಹಿಡಿದು ಎಳೆದರೆ ಮಾಂಸ ಅಲ್ಲೇ ಉಳಿದು ಮೂಳೆ ಮಾತ್ರ ಕೈಗೆ ಬಂತು. ಹೊಗೆ, ಕೊಬ್ಬು, ಹುಳಿ. ನಾನು ಹೋಟೆಲಿನಲ್ಲಿ ಕೆಲಸ ಬಿಡುವ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯತೊಡಗಿದೆ.

ಆ ವಾರದ ಬುಧವಾರ ಮ್ಯಾನೇಜರು ಫೋನು ಮಾಡಿದ. ಸಂಜೆ ಐದಕ್ಕೆ ಎಂದು ಗೊತ್ತುಮಾಡಿದ್ದ ಊಟ ಮಧ್ಯಾಹ್ನ ಹನ್ನೆರಡೂವರೆಗೆ ಬಂದಿದೆ. ಕಂಪನಿಗೆ ಹಣ ಹಾಕುವವರು ಪಾಲೋ ಆಲ್ಟೋದಿಂದ ಬರುತ್ತಾರೆ, ಅವರ ಮುಂದೆಯೇ ಬಡಿಸಬೇಕು. ಊಟದ ಕಾಂಟ್ರ್ಯಾಕ್ಟಿಗೆ ಒಪ್ಪಬೇಕಾದವರೂ ಅವರೇ. "ಆಗುತ್ತಲ್ವಾ?"

"ಆಗುತ್ತೆ," ಎಂದೆ. ಮಿಲಿಟರಿ ಹೋಟೆಲಿನಲ್ಲಿ ಹನ್ನೆರಡೂವರೆಗೆ ಮುದ್ದೆ ತಟ್ಟೆಯಲ್ಲಿ ಇರಲಿಲ್ಲವೆಂದರೆ ಗಿರಾಕಿ ಎದುರು ಹೋಟೆಲಿನಲ್ಲಿ ಇರುತ್ತಿದ್ದ. ಗಿರಾಕಿಗೆ ಕಾಯಿರಿ ಎಂದು ನಮ್ಮಪ್ಪ ಹೇಳಿದ್ದನ್ನು ನಾನು ಕೇಳಿಲ್ಲ, ನಾನೂ ಹೇಳಿರಲಿಲ್ಲ. ತಾತನಿಗೆ ಈ ವಿಷಯ ಆಮೇಲೆ ಹೇಳಿದರಾಯಿತು ಎಂದು ಬಿಟ್ಟೆ.

ಗುರುವಾರ ಸಂಜೆ ಮನೆಗೆ ಬಂದರೆ ಹೆಂಡತಿ ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ಪಕ್ಕದಲ್ಲಿ ನಿಂಬೆಹಣ್ಣಿನ ಗುಡ್ಡ.

"ಏನಿದು?"

"ನಾಳೆಗೆ ಚಿತ್ರಾನ್ನ. ನಾಲ್ಕು ಟ್ರೇ."

"ಆರ್ಡರು ಕುರಿಗೆ ಕಣೇ. ಚಿತ್ರಾನ್ನಕ್ಕೆ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ಬಾಡು ತಿನ್ನದೇ ಇರೋರು ಏನು ಮಾಡಬೇಕು? ಅದೇ ಆಲೂಗಡ್ಡೆ ಹಿಡ್ಕೊಂಡು ನಿಲ್ಲಬೇಕಾ?"

"ಬಿಟ್ಟಿ ಕೊಟ್ರೆ ಬೆಲೆ ಇರಲ್ಲ."

"ಇದು ಬಿಟ್ಟಿಯಲ್ಲ, ಕೊಸರು," ಎಂದಳು. "ಇಷ್ಟು ವರ್ಷ ಬರೀ ಇಸ್ಕೊಂಡಿದ್ದೀರಿ. ಒಂದ್ಸಲ ಕೊಟ್ಟು ನೋಡಿ, ಕೈ ಏನೂ ಸುಡಲ್ಲ."

ಒಗ್ಗರಣೆ ಸಿಡಿಯುವಾಗ ಅವಳ ಜೊತೆ ವಾದ ಮಾಡಬಾರದೆಂಬ ಬುದ್ಧಿ ನನಗೆ ಮದುವೆಯಾದ ವರ್ಷವೇ ಬಂದಿತ್ತು.

ಶುಕ್ರವಾರ ಹೋಟೆಲಿಗೆ ರಜೆ ಹಾಕಿ, ಬೆಳಗಿನ ಜಾವ ಪಿಟ್ಟನ್ನು ತಾತನ ಹಳೇ ಟ್ರಕ್ಕಿಗೆ ಕಟ್ಟಿಕೊಂಡು ನೂರಾ ಒಂದನೇ ಫ್ರೀವೇ ಹಿಡಿದೆವು. ಟ್ರಾಫಿಕ್ಕು ಏಳುವ ಮೊದಲೇ ಹೊರಟಿದ್ದೆವು. ಮೌಂಟನ್ ವ್ಯೂ ದಾಟಿದ ಮೇಲೆ ಧೈರ್ಯ ಮಾಡಿ, "ತಾತ, ಊಟ ಹನ್ನೆರಡೂವರೆಗೆ ಅಂತೆ," ಎಂದೆ.

ಪಾಲೋ ಆಲ್ಟೋ ಹೋಯಿತು. ರೆಡ್‌ವುಡ್ ಸಿಟಿ ಹೋಯಿತು.

"ಕುರಿಗೆ ಹೇಳಿದ್ಯಾ?" ಎಂದರು.

ಆಫೀಸಿನ ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯಲ್ಲಿ ಐದು ಗಂಟೆಗೆ ಬೆಂಕಿ ಹಚ್ಚಿದೆವು. ಕಾವು ಹದಕ್ಕೆ ಬಂದ ಮೇಲೆ ಮೂರು ಕುರಿಯ ಹನ್ನೆರಡು ತುಂಡುಗಳನ್ನು, ನಾಲ್ಕು ಕಾಲಿನ ಲೆಕ್ಕದಲ್ಲಿ, ಒಳಗೆ ಜೋಡಿಸಿದೆವು. ಒಂಬತ್ತರ ಹೊತ್ತಿಗೆ ಜನ ಬರತೊಡಗಿದರು. ಕಾರಿನಿಂದ ಇಳಿದವರು ನೇರ ಒಳಗೆ ಹೋಗದೆ ಮೂಗು ಎತ್ತಿ ನಮ್ಮ ಕಡೆ ಬರುತ್ತಿದ್ದರು. ಒಬ್ಬಳು ತನ್ನ ನಾಯಿಯನ್ನು ಆಫೀಸಿಗೆ ಕರೆತಂದಿದ್ದಳು. ಅದು ಪಿಟ್ಟಿನ ಬುಡ ಬಿಟ್ಟು ಏಳಲಿಲ್ಲ, ಅವಳ ಆವತ್ತಿನ ಮೀಟಿಂಗುಗಳೆಲ್ಲ ಅಲ್ಲಿಂದಲೇ ಫೋನಿನಲ್ಲಿ ನಡೆದವು. ಈ ಕಂಪನಿ ಏನು ಮಾರುತ್ತದೆ ಎಂದು ಮೂವರನ್ನು ಕೇಳಿದೆ, ಮೂರು ಉತ್ತರ ಬಂತು. ಅದೆಲ್ಲ ನನಗೇಕೆ, ತಟ್ಟೆ ಎಂಬತ್ತು ಎಂಬುದು ಖಾತ್ರಿ ಇತ್ತು.

ಹತ್ತೂವರೆಗೆ ಮ್ಯಾನೇಜರು ಬಂದು, ಕೆಂಟಕಿಯವರೆಂದು ತಿಳಿದು, ತಾತನನ್ನು ತನ್ನ ಬರ್ಬನ್ ಕಪಾಟು ತೋರಿಸಲು ಒಳಗೆ ಕರೆದುಕೊಂಡು ಹೋದ. ನಾನು ಒಬ್ಬನೇ ಉಳಿದೆ. ಗಡಿಯಾರ ನೋಡಿದೆ. ಊಟಕ್ಕೆ ಉಳಿದದ್ದು ಎರಡೇ ಗಂಟೆ. ಪಿಟ್ಟು ನಿದ್ದೆಗೆ ಜಾರಿದ ಹಾಗೆ ಸಣ್ಣಗೆ ಹೊಗೆಯಾಡುತ್ತಿತ್ತು. ನನ್ನ ಕೈ ತಾನಾಗಿ ಸೌದೆಯ ಕಡೆ ಹೋಯಿತು. ಎರಡು ದಪ್ಪ ಬಾದಾಮಿ ಕೊರಡು ತುರುಕಿದೆ, ಗಾಳಿಯ ಕಿಂಡಿಯನ್ನು ಪೂರ್ತಿ ತೆರೆದೆ. ಎಷ್ಟು ಬೆಂದಿದೆ ಎಂದು ನೋಡಲು ಮುಚ್ಚಳ ಎತ್ತಿದೆ.

ಗಾಳಿ ಹೊಕ್ಕಿದ್ದೇ ಕೆಳಗೆ ತೊಟ್ಟಿಕ್ಕಿದ್ದ ಕೊಬ್ಬು ಭಗ್ಗೆಂದಿತು. ಉರಿ ಸೌದೆ ಪೆಟ್ಟಿಗೆಯ ಪಕ್ಕದ ತುಂಡನ್ನು ಸುತ್ತಿಕೊಂಡಿತು. ಮುಚ್ಚಳ ಬಿಟ್ಟು ಹಿಂದೆ ಜಿಗಿದೆ. ನಾಯಿಯೂ ಓಡಿತು.

ತಾತ ಓಡುವ ವಯಸ್ಸಿನವರಲ್ಲ, ಆದರೂ ಓಡಿ ಬಂದರು. ಕಿಂಡಿ ಮುಚ್ಚಿದರು, ಚಿಮಣಿಯ ಬಾಯಿ ಮುಚ್ಚಿದರು, ಕೊರಡುಗಳನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ನೆಲಕ್ಕೆ ಹಾಕಿದರು. ಉರಿ ಆರಿದ ಮೇಲೆ, ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸುಟ್ಟು ಕಪ್ಪಾದ ತುಂಡನ್ನು ಪಕ್ಕಕ್ಕೆ ಸರಿಸಿ, ಮುಚ್ಚಳ ಹಾಕಿ, ಕುರ್ಚಿಯಲ್ಲಿ ಕೂತರು.

"ಹನ್ನೊಂದು ಚೆನ್ನಾಗಿವೆ," ಎಂದರು. "ನಾಲ್ಕು ಗಂಟೆಗೆ ಆಗುತ್ತೆ."

"ತಾತ, ಹಣ ಹಾಕೋರು ಹನ್ನೆರಡೂವರೆಗೆ..."

"ಹಸಿ ಕುರಿ ಬೇಕಾದ್ರೆ ಈಗ್ಲೇ ಕೊಡು. ಬೆಂದ ಕುರಿ ನಾಲ್ಕು ಗಂಟೆಗೆ. ಹೋಗು, ಹೇಳಿ ಬಾ."

ಕಾರು ನಿಲ್ಲಿಸುವ ಜಾಗದಿಂದ ಆಫೀಸಿನ ಬಾಗಿಲಿಗೆ ಐವತ್ತು ಹೆಜ್ಜೆ. ನನ್ನ ವೃತ್ತಿಯಲ್ಲೇ ಅತಿ ಉದ್ದದ ನಡಿಗೆ ಅದು. ಆರು ವರ್ಷದ ಪಾಲಕ್ಕು ಕಣ್ಣ ಮುಂದೆ ಬಂತು. ಸೋಮವಾರ ಮತ್ತೆ ಅದೇ ಒಲೆ, ಅದೇ ಸೌಟು. ಮ್ಯಾನೇಜರಿಗೆ ಹೇಳಿದೆ: "ಕುರಿ ಇನ್ನೂ ಬೆಂದಿಲ್ಲ. ನಾಲ್ಕು ಗಂಟೆಗೆ ಸಿಗುತ್ತೆ. ಹನ್ನೆರಡೂವರೆಗೆ ಆಗುತ್ತೆ ಅಂದಿದ್ದು ನಂದೇ ತಪ್ಪು."

ಅವನು ಕೈಗಡಿಯಾರ ನೋಡಿಕೊಂಡ. "ನಾಲ್ಕು ಗಂಟೇನಾ? ಅವರು ಎರಡಕ್ಕೆ ಹೊರಟುಬಿಡ್ತಾರೆ! ಈಗ ಅವರಿಗೆ ಏನು ಕೊಡ್ಲಿ?"

ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿಯ ವ್ಯಾನು ಬಂದು ನಿಂತಿತು. ಅವಳು ನನ್ನ ಮುಖ ನೋಡಿದಳು, ಪಿಟ್ಟಿನ ಕಡೆ ನೋಡಿದಳು. ಒಂದು ಪ್ರಶ್ನೆಯನ್ನೂ ಕೇಳದೆ ಟ್ರೇಗಳನ್ನು ಇಳಿಸಿ, ಸೆರಗು ಸಿಕ್ಕಿಸಿ, ಉದ್ದ ಮೇಜಿನ ಮೇಲೆ ಜೋಡಿಸಿದಳು. ಚಿತ್ರಾನ್ನ, ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ, ಒಂದು ಪಾತ್ರೆ ಮಜ್ಜಿಗೆ. ಹನ್ನೆರಡೂವರೆಗೆ ಸರಿಯಾಗಿ ಸಾಲು ಶುರುವಾಯಿತು. ಹಣ ಹಾಕುವವರು ಮೂವರು, ಗಂಭೀರ ಜನ. ಅವರಲ್ಲಿ ಒಬ್ಬ ಹೆಂಗಸು ಚಿತ್ರಾನ್ನದೊಳಗಿನ ಕಡಲೆಕಾಯಿ ಬೀಜವನ್ನು ಫೋರ್ಕಿನಲ್ಲಿ ಒಂದೊಂದಾಗಿ ಹುಡುಕಿ ತಿನ್ನುತ್ತಿದ್ದದ್ದನ್ನು ದೂರದಿಂದ ನೋಡಿದೆ. ಎರಡು ಗಂಟೆಗೆ ಅವರ ಕಾರು ಪಿಟ್ಟಿನ ಪಕ್ಕದಲ್ಲೇ ಹಾದು ಫ್ರೀವೇ ಕಡೆ ತಿರುಗಿತು. ಕುರಿಯ ಒಂದು ಚೂರೂ ಅವರ ಬಾಯಿಗೆ ಹೋಗಿರಲಿಲ್ಲ.

ನಾನು ತಾತನ ಪಕ್ಕದ ಕುರ್ಚಿಯಲ್ಲಿ ಕೂತೆ. ಎರಡು ಗಂಟೆ ಕಾಲ ಒಮ್ಮೆಯೂ ಏಳಲಿಲ್ಲ. ಏಳಲು ಕಾರಣವೂ ಉಳಿದಿರಲಿಲ್ಲ.

ನಾಲ್ಕಕ್ಕೆ ತಾತ, "ಈಗ ಎತ್ತು," ಎಂದರು. ಎತ್ತಿದೆ. ಆ ಪರಿಮಳಕ್ಕೆ ಆಫೀಸಿನ ಕಿಟಕಿಗಳೆಲ್ಲ ತಲೆಗಳಿಂದ ತುಂಬಿಹೋದವು. ಮೂಳೆ ಬಿಡಿಸಿ, ಮಾಂಸ ಹಿಂಜಿ, ಕರೀ ರಸ ಸವರಿ ಬಡಿಸಿದೆವು. ಆಲೂಗಡ್ಡೆ ಸಲಾಡಿನ ಮೂಲೆಯವರೆಲ್ಲ ಮೇಜಿಗೆ ಬಂದರು. ಕರಾಚಿಯ ಒಬ್ಬ ಇಂಜಿನಿಯರು, "ಹಲಾಲ್ ತಾನೇ ಭಾಯ್?" ಎಂದು ಕೇಳಿ, ಹೌದು ಎಂದ ಮೇಲೆ ಮೂರು ಸಲ ಬಂದ. ಉಡುಪಿ ಕಡೆಯ ಒಬ್ಬಳು ಹುಡುಗಿ ರಸವನ್ನು ನೆಕ್ಕಿ, "ಮಾರಾಯ್ರೇ, ಇದಕ್ಕೆ ಹುಣಸೆಹುಳಿ ಹಾಕಿದ್ದು ಯಾರು?" ಎಂದು ಕೂಗಿದಳು. ನನಗೆ ಹೆಮ್ಮೆಯಾಯಿತು, ಹೊಟ್ಟೆಯೂ ಉರಿಯಿತು. ತಿನ್ನಬೇಕಾದವರು ಹೊರಟುಹೋಗಿದ್ದರಲ್ಲ.

ಮ್ಯಾನೇಜರು ಮೇಣದ ಮುದ್ರೆಯ ಒಂದು ಬಾಟಲಿ ತಂದು, ತಾತನ ಲೋಟಕ್ಕೆ ಎರಡು ಬೆರಳು ಸುರಿದ. ಮೂಗಿನ ಹತ್ತಿರ ಹಿಡಿದು, ಇದರಲ್ಲಿ ವೆನಿಲಾ ಇದೆ, ಹಳೇ ತೊಗಲಿದೆ, ತಂಬಾಕಿದೆ ಎಂದೆಲ್ಲ ವಿವರಿಸಿದ. ತಾತ ಎಲ್ಲ ಕೇಳಿಸಿಕೊಂಡು, ಪಕ್ಕದ ನೀರಿನ ಬಾಟಲಿಯಿಂದ ಧಾರಾಳವಾಗಿ ನೀರು ಬೆರೆಸಿದರು. ಮ್ಯಾನೇಜರು ಚೀರುವುದೊಂದು ಬಾಕಿ.

"ತೊಗಲು, ತಂಬಾಕು ತೆಗೆದೆ," ಎಂದರು ತಾತ ಕುಡಿದು. "ಈಗ ಬರೀ ವಿಸ್ಕಿ ಇದೆ. ಚೆನ್ನಾಗಿದೆ."

ಆಮೇಲೆ ಮ್ಯಾನೇಜರು ನನ್ನ ಕಡೆ ತಿರುಗಿದ. "ಅವರು ಕಾರಿನಿಂದ ಫೋನು ಮಾಡಿದ್ರು. ದಿನದ ಊಟ ನಿಮ್ಮಿಂದಲೇ ತರಿಸಿ ಅಂದ್ರು."

"ಕುರಿ ತಿನ್ನದೇನೇ?"

"ಕುರಿ ಅಲ್ಲ. ಆ ಹಳದಿ ಅನ್ನ. ಅದು, ಮತ್ತೆ ಅದರ ಥರದ್ದು, ದಿನಾ ಒಂದೊಂದು."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದಿದ್ದಳು. ಅವಳ ಇಂಗ್ಲಿಷು ನನ್ನದಕ್ಕಿಂತ ಕಡಮೆ ಪದಗಳದ್ದು, ಆದರೆ ಒಂದೂ ಪದ ವ್ಯರ್ಥವಾಗುತ್ತಿರಲಿಲ್ಲ. ಎಂಬತ್ತು ತಟ್ಟೆ ಎಂದರೆ ಎಂಬತ್ತು, ಜನ ಕಡಮೆ ಬಂದರೂ. ದುಡ್ಡು ವಾರದ ಮೊದಲ ದಿನ, ಕಂಪನಿಯ ಶೇರು ಗೀರು ಬೇಡ. ನಿಮ್ಮ ಅಡುಗೆಮನೆಯ ದೊಡ್ಡ ಫ್ರಿಡ್ಜಿನಲ್ಲಿ ಎರಡು ಶೆಲ್ಫು ನಮಗೆ. ಮ್ಯಾನೇಜರು ಒಂದೊಂದಕ್ಕೂ ತಲೆಯಾಡಿಸಿದ. ಎಲ್ಲ ಮುಗಿಯಿತು ಎಂದುಕೊಂಡು ಅವನು ಕೈ ಚಾಚಿದಾಗ ಅವಳು ಇನ್ನೊಂದು ಸೇರಿಸಿದಳು: ತಿಂಗಳಿಗೆ ಒಂದು ಶುಕ್ರವಾರ ತಾತನ ಪಿಟ್ಟು ಇದೇ ಮೂಲೆಯಲ್ಲಿ ನಿಲ್ಲಬೇಕು, ಊಟ ನಾಲ್ಕಕ್ಕೆ, ಹನ್ನೆರಡೂವರೆಗೆ ಯಾರೂ ಬಂದು ಗಡಿಯಾರ ತೋರಿಸಬಾರದು.

"ಅದು ಎಕ್ಸ್‌ಟ್ರಾನಾ?" ಎಂದ ಅವನು.

"ಕೊಸರು," ಎಂದರು ತಾತ ಕುರ್ಚಿಯಿಂದ. ಅವರ ಬಾಯಲ್ಲಿ ಆ ಪದ ಮೂರು ಮೈಲಿ ಉದ್ದವಾ‌ಗಿತ್ತು.

ಆಫೀಸಿನ ಜನ ಖಾಲಿಯಾದ ಮೇಲೆ ತಾತ ಆ ಸುಟ್ಟ ತುಂಡನ್ನು ಹಲಗೆಯ ಮೇಲಿಟ್ಟುಕೊಂಡು ಸಣ್ಣಗೆ ಕೊಚ್ಚತೊಡಗಿದರು. ಎಸೆಯಲು ಸುಲಭವಾಗಲಿ ಎಂದಿರಬೇಕು ಎಂದುಕೊಂಡೆ. ಅವರು ಅದಕ್ಕೆ ಉಳಿದ ರಸವನ್ನೆಲ್ಲ ಸುರಿದು ಕಲಸಿದರು. ಅವರ ಊರಿನಲ್ಲಿ ಸುಟ್ಟ ಭಾಗವನ್ನು ಹೀಗೆ ಕೊಚ್ಚಿ ಬೇರೆಯೇ ಮಾರುತ್ತಾರಂತೆ, ಅದಕ್ಕೆಂದೇ ಬರುವ ಗಿರಾಕಿಗಳಿದ್ದಾರಂತೆ. ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ನಾನು ಅಷ್ಟು ಕೊರಗುತ್ತಿರಲಿಲ್ಲ. ಹೇಳಿದ್ದರೆ ಮತ್ತೆ ಮುಚ್ಚಳ ಎತ್ತುತ್ತಿದ್ದೆ ಎಂಬುದು ಅವರಿಗೆ ಗೊತ್ತಿತ್ತು.

ಟ್ರೇಯ ಮೂಲೆಯಲ್ಲಿ ಉಳಿದಿದ್ದ ಚಿತ್ರಾನ್ನದ ಮೇಲೆ ಅದನ್ನು ಹಾಕಿಕೊಂಡು ಮೂವರೂ ಗಾಡಿಯ ಅಂಚಿನಲ್ಲಿ ಕೂತು ತಿಂದೆವು. ಗರಿಗರಿ ಸುಟ್ಟ ಕೊಬ್ಬು, ನಿಂಬೆಹುಳಿ, ಹೊಗೆ. ನನ್ನ ತಟ್ಟೆ ಬೇಗ ಖಾಲಿಯಾಯಿತು. ಹೆಂಡತಿಯ ಕಡೆ ಚಾಚಿದೆ.

"ಆರ್ಡರು ಕುರಿಗೆ ಅಂದ್ರಲ್ಲ," ಎಂದಳು. "ಚಿತ್ರಾನ್ನಕ್ಕೆ ಯಾರು ಕೊಡ್ತಾರೆ?"

ಕೊಟ್ಟಳು, ಆದರೆ ಎರಡು ಸಲ ಕೇಳಿಸಿಕೊಂಡ ಮೇಲೆ.

ಸೋಮವಾರ ಬಫೆಯ ಮಾಲೀಕರಿಗೆ ಕೆಲಸ ಬಿಡುತ್ತೇನೆಂದು ಹೇಳಿದೆ. ಒಳ್ಳೆಯ ಮನುಷ್ಯರು, ಬೇಸರ ಮಾಡಿಕೊಂಡರೂ ಕೈ ಕುಲುಕಿದರು. ಬಾಗಿಲವರೆಗೆ ಹೋದವನು ತಿರುಗಿ ಬಂದು, ಹಿಂದಿನ ಕೋಣೆಯಲ್ಲಿ ಬಿದ್ದಿರುವ ಆ ಹಿಡಿಕೆ ಮುರಿದ ದೊಡ್ಡ ಬಾಣಲೆ ನಿಮಗೆ ಬೇಕಾ ಎಂದು ಕೇಳಿದೆ. ತೆಗೆದುಕೊಂಡು ಹೋಗು ಎಂದರು. ಎಂಬತ್ತು ತಟ್ಟೆ ಚಿತ್ರಾನ್ನ ಕಲಸುವಷ್ಟು ದೊಡ್ಡದು ನಮ್ಮ ಮನೆಯಲ್ಲಿ ಇರಲಿಲ್ಲ. ಹಿಡಿಕೆಯನ್ನು ತಾತ ಅದೇ ಸಂಜೆ ಬೆಸೆದುಕೊಟ್ಟರು.